ಫುಲ್ ಥ್ರಾಟಲ್‌ನಲ್ಲಿ ಡಕ್ಟ್ ಒಳಕ್ಕೆ ಬಾಗುತ್ತಿದೆ

ಪ್ರಶ್ನೆ: 6 ಎಂಎಂ ಡೆಪ್ರಾನ್‌ನ (ಹಗುರ ಫೋಮ್ ಹಾಳೆ) ಎಫ್-16 ಆರ್‌ಸಿ ಮಾದರಿ ವಿಮಾನ, 70 ಎಂಎಂ ಇಡಿಎಫ್ (ಕೊಳವೆಯೊಳಗೆ ತಿರುಗುವ ವಿದ್ಯುತ್ ಫ್ಯಾನ್), 4ಎಸ್ (ನಾಲ್ಕು ಸೆಲ್) ಬ್ಯಾಟರಿ. ಥ್ರಾಟಲ್ ಮುಕ್ಕಾಲು ದಾಟಿದರೆ ಫ್ಯಾನ್ ಮುಂದಿನ ಡಕ್ಟ್ (ಗಾಳಿ ಕೊಳವೆ) ಗೋಡೆ ಒಳಕ್ಕೆ ಬಾಗಿ, ಫ್ಯಾನ್ ಕಿರುಚುತ್ತದೆ. ಗೋಡೆ ದಪ್ಪ ಮಾಡಲೇ?

ಉತ್ತರ 1: ದಪ್ಪ ಮಾಡಿದರೆ ರೋಗ ಮುಚ್ಚಿಹೋಗುತ್ತದೆ, ಅಷ್ಟೇ. ಮೊದಲು ಇನ್‌ಟೇಕ್ (ಗಾಳಿ ಒಳಬರುವ ದಾರಿ) ಅಳೆಯಿರಿ. ಹಬ್ (ಫ್ಯಾನ್‌ನ ನಡುಭಾಗ) ವ್ಯಾಸ 30 ಎಂಎಂ ಇದ್ದರೆ ಬ್ಲೇಡ್‌ಗಳು ಗುಡಿಸುವ ವಿಸ್ತೀರ್ಣ ಸುಮಾರು 31 ಚದರ ಸೆಂ.ಮೀ. ಇನ್‌ಟೇಕ್ ಬಾಯಿ ಅದಕ್ಕಿಂತ ತೀರಾ ಕಿರಿದಾದರೆ ಒಳಗಿನ ಒತ್ತಡ ಇಳಿದು ಗೋಡೆ ಒಳಕ್ಕೆ ಬರುತ್ತದೆ. ಅಸಲಿ ವಿಮಾನದಂತಿರುವ ಅಂದ ಕೆಡಬಾರದೆಂದರೆ ಹೊಟ್ಟೆಯಡಿ, ಫ್ಯಾನ್‌ಗಿಂತ ಮುಂದೆ ಚೀಟರ್ ಹೋಲ್ (ಹೆಚ್ಚುವರಿ ಗಾಳಿ ಒಳಬರುವ ರಂಧ್ರ) ತೆಗೆಯಿರಿ. ಅಂಚನ್ನು ದುಂಡಗೆ ಉಜ್ಜಿ. ಚೂಪಾಗಿದ್ದರೆ ಹರಿವು ಒಡೆಯುತ್ತದೆ.

ಉತ್ತರ 2: ಗಾಳಿ ಹೊರಹೋಗುವ ಹಿಂದಿನ ಕೊಳವೆ ಬಾಯಿಯ ವ್ಯಾಸ 58–60 ಎಂಎಂ ಇರಲಿ. ಅಂಟು ಯುಎಚ್‌ಯು ಪೋರ್ (ಫೋಮ್‌ಗೆ ಹಾನಿ ಮಾಡದ ಅಂಟು) ಬಳಸಿ; ಮಾಮೂಲಿ ಸೂಪರ್ ಗ್ಲೂ ಡೆಪ್ರಾನನ್ನೇ ತಿಂದುಹಾಕುತ್ತದೆ. ಕೊರೆದ ಚೂರು ಫ್ಯಾನ್‌ಗೆ ಹೋಗದಂತೆ ನೋಡಿಕೊಳ್ಳಿ.