‘ಮುನ್ಸೂಚನೆ’ಯೋ ‘ಮುಂಗುರುತೋ’?

ಎಲ್ಲರಿಗೂ ನಮಸ್ಕಾರ.

ಭೂಕಂಪಕ್ಕೆ ಮೊದಲು ಅಯಾನುಗೋಳದಲ್ಲಿ (ವಾತಾವರಣದ ಮೇಲ್ಭಾಗದ, ವಿದ್ಯುದಾವೇಶದ ಕಣಗಳಿರುವ ಪದರದಲ್ಲಿ) ಕಾಣಿಸುತ್ತವೆ ಎನ್ನಲಾದ ಏರುಪೇರುಗಳ ಬಗ್ಗೆ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಘಟನೆಗೆ ಮೊದಲೇ ಕಾಣುವ ಗುರುತಿಗೆ ಇಂಗ್ಲಿಷಿನಲ್ಲಿ ಹೇಳುವ ‘ಪ್ರಿಕರ್ಸರ್’ ಎಂಬ ಒಂದೇ ಪದ ಮೂರು ದಿನಗಳಿಂದ ಸತಾಯಿಸುತ್ತಿದೆ.

‘ಮುನ್ಸೂಚನೆ’ ಎಂದು ಬರೆದು ಕೈತೊಳೆದುಕೊಳ್ಳಬಹುದು. ಆದರೆ ಹವಾಮಾನ ಇಲಾಖೆ ಕೊಡುವುದು ಮುನ್ಸೂಚನೆ. ಅಲ್ಲಿ ಕೊಡುವವರಿದ್ದಾರೆ, ಕೇಳಿ ಕೊಡೆ ಹಿಡಿದು ಹೊರಡುವವರೂ ಇದ್ದಾರೆ. 2011ರ ಮಾರ್ಚ್ 11ರಂದು ಜಪಾನಿನ ತೊಹೊಕು ಕರಾವಳಿಯಾಚೆ 9.0 ಪ್ರಮಾಣದ ಕಂಪನವಾದಾಗ ಆಕಾಶ ಯಾರಿಗೂ ಏನನ್ನೂ ಸೂಚಿಸಲಿಲ್ಲ. ಹೊಕ್ಕೈದೊ ವಿಶ್ವವಿದ್ಯಾಲಯದ ವಿಜ್ಞಾನಿ ಕೊಸುಕೆ ಹೆಕಿ ಆಮೇಲೆ ಜಿಪಿಎಸ್ ದಾಖಲೆಗಳನ್ನು ಕೆದಕಿ, ಸುಮಾರು 40 ನಿಮಿಷ ಮೊದಲೇ ಅಯಾನುಗೋಳದಲ್ಲಿ ಎಲೆಕ್ಟ್ರಾನುಗಳ ಪ್ರಮಾಣ ಏರತೊಡಗಿತ್ತು ಎಂದರು. ಅದಕ್ಕೂ ಆಕ್ಷೇಪವಿದೆ. ಕಂಪನ, ಸುನಾಮಿಗಳ ನಂತರ ಅಯಾನುಗೋಳದಲ್ಲಿ ಎಲೆಕ್ಟ್ರಾನುಗಳು ಕುಸಿದಿದ್ದವು. ಆ ಕುಸಿತವನ್ನೂ ಸೇರಿಸಿ ಆಧಾರರೇಖೆ (ಸಹಜ ಮಟ್ಟವೆಂದು ಹೋಲಿಕೆಗೆ ಹಿಡಿಯುವ ಗೆರೆ) ಎಳೆದರೆ ಮೊದಲಿನ ಸಹಜ ಮಟ್ಟವೇ ಉಬ್ಬಿದಂತೆ ತೋರುತ್ತದೆ ಎಂಬುದು ವಿರೋಧಿಗಳ ವಾದ. ಇಷ್ಟು ತಗಾದೆಯಿರುವ ಸಂಗತಿಯನ್ನು ಮುನ್ಸೂಚನೆ ಎಂದರೆ, ತೀರ್ಪನ್ನು ಅನುವಾದಕನೇ ಕೊಟ್ಟಂತಾಗುವುದಿಲ್ಲವೇ?

‘ಪೂರ್ವಲಕ್ಷಣ’ಕ್ಕೆ ವೈದ್ಯರ ಮನೆಯ ವಾಸನೆ, ರೋಗ ಬಂದೇ ಬರುತ್ತದೆ ಎಂಬ ಧ್ವನಿ. ‘ಶಕುನ’ ಎಂದರೆ ಹಲ್ಲಿ ಲೊಚಗುಟ್ಟಿದಂತೆ, ಹೆಕಿಯವರಿಗೆ ಅನ್ಯಾಯ. ‘ಉತ್ಪಾತ’ ಆಸೆ ಹುಟ್ಟಿಸಿತ್ತು. ಈಗ ಅದಕ್ಕೆ ಅನಾಹುತವೆಂಬ ಅರ್ಥವೇ ಮುಂದಾಗಿದ್ದರೂ ಜ್ಯೋತಿಷ, ಶಕುನಗಳ ಹಳೆಯ ಸಂಹಿತಾ ಗ್ರಂಥಗಳಲ್ಲಿ ಅದು ಕೇಡನ್ನು ತಿಳಿಸುವ ಗುರುತು. ದಿವ್ಯ (ಗ್ರಹ, ನಕ್ಷತ್ರಗಳದ್ದು), ಆಂತರಿಕ್ಷ (ನಡುವಿನ ಬಾನಿನದ್ದು), ಭೌಮ (ನೆಲದ್ದು) ಎಂದು ಮೂರು ಬಗೆ. ಆದರೆ ಭೂಕಂಪ ಭೌಮ ಉತ್ಪಾತಗಳ ಪಟ್ಟಿಯಲ್ಲಿದೆ! ಅಲ್ಲಿ ಭೂಕಂಪವೇ ಇನ್ನೊಂದು ಕೇಡಿನ ಗುರುತು. ನನಗೆ ಬೇಕಾದದ್ದು ಭೂಕಂಪದ ಗುರುತು.

ಸದ್ಯಕ್ಕೆ ‘ಮುಂಗುರುತು’ ಎಂದು ಬರೆದಿಟ್ಟಿದ್ದೇನೆ. ಮುಂಗಾರು, ಮುಂಗೋಳಿಗಳ ಸಾಲಿನಲ್ಲಿ ಸರಾಗವಾಗಿ ಕೂರುತ್ತದೆ. ಮುಂಗೋಳಿ ಕೂಗುವುದರಿಂದ ಬೆಳಗಾಗುವುದಿಲ್ಲ. ಕೂಗಿಗೂ ಬೆಳಗಿಗೂ ನಂಟಿಲ್ಲವೆನ್ನಲೂ ಆಗದು. ನನಗೆ ಬೇಕಾದ ಅನುಮಾನದ ಎಳೆ ಅದೇ. ‘ಎನ್ನಲಾದ ಮುಂಗುರುತು’ ಎಂದು ಬರೆದರೂ ಕಿವಿಗೆ ಒರಟಾಗುವುದಿಲ್ಲ.

ಈ ಪದವನ್ನು ಅಚ್ಚಿನಲ್ಲಿ ಯಾರಾದರೂ ಕಂಡಿದ್ದೀರಾ? ಜೊತೆಗೆ ಇನ್ನೊಂದು: ಅಯಾನುಗೋಳದ ‘ಕ್ಷೋಭೆ’ ಎನ್ನುವುದು ಸರಿಯೋ, ‘ಏರುಪೇರು’ ಸಾಕೋ? ಕ್ಷೋಭೆ ಎಂದೊಡನೆ ನನಗೇಕೋ ಸಮುದ್ರವೇ ಕಣ್ಣಮುಂದೆ ಬರುತ್ತದೆ.