ನಗುನಗುತ್ತ ಬಾಳಿದ ಅಜ್ಜಿಯನ್ನು ನೆನೆಯುವುದು ಹೇಗೆ? – ಅನುಭವ ಹಂಚಿಕೆ

ಕೋರಿಕೆ: ನಮ್ಮ ಅಜ್ಜಿ ಈಚೆಗೆ ತೀರಿಕೊಂಡರು. ಮನೆಯವರೆಲ್ಲ ಸೇರುವ ದಿನ ಅವರ ಬಗ್ಗೆ ಮಾತನಾಡುವ ಹೊಣೆ ನನ್ನ ಮೇಲೆ ಬಿದ್ದಿದೆ. ಮುಂದಿನ ಮಕ್ಕಳಿಗಾಗಿ ಒಂದು ಸಣ್ಣ ಪುಸ್ತಕ ಮಾಡುವ ಯೋಚನೆಯೂ ಇದೆ. ಬರೆಯಲು ಕುಳಿತರೆ 'ತ್ಯಾಗಮಯಿ', 'ಮಮತೆಯ ಮೂರ್ತಿ' ಎಂಬ ಮಾತುಗಳೇ ಬರುತ್ತವೆ. ಅವರಾದರೋ ಎಲ್ಲಕ್ಕಿಂತ ಹೆಚ್ಚಾಗಿ ನಗುತ್ತಿದ್ದವರು, ನಗಿಸುತ್ತಿದ್ದವರು. ದುಃಖದ ಮನೆಯಲ್ಲಿ ಅಂಥ ಪ್ರಸಂಗಗಳನ್ನು ಹೇಳಬಹುದೇ? ಇಂಥದ್ದನ್ನು ಮಾಡಿದವರು ದಯವಿಟ್ಟು ತಿಳಿಸಿ.

ಮೊಮ್ಮಗಳೊಬ್ಬರ ಉತ್ತರ:

ಹೊಗಳಿಕೆಯ ಮಾತುಗಳನ್ನು ಸದ್ಯಕ್ಕೆ ಬದಿಗಿಡಿ. 'ತ್ಯಾಗಮಯಿ' ಎಂಬುದು ಯಾವ ಮನೆಯ ಹಿರಿಯರಿಗೂ ಒಪ್ಪುವ ಮಾತು. ಅದರಲ್ಲಿ ನಿಮ್ಮ ಅಜ್ಜಿಯೊಬ್ಬರೇ ಕಾಣುವುದಿಲ್ಲ. ನಾನು ಬಂಧುಗಳನ್ನು 'ಅಜ್ಜಿ ಹೇಗಿದ್ದರು?' ಎಂದು ಕೇಳಲಿಲ್ಲ. 'ಯಾವುದಕ್ಕೆ ನಗುತ್ತಿದ್ದರು, ಯಾರನ್ನು ಹೆಚ್ಚು ಗೋಳುಹೊಯ್ದುಕೊಳ್ಳುತ್ತಿದ್ದರು, ಸಿಟ್ಟು ಬಂದಾಗ ಏನೆನ್ನುತ್ತಿದ್ದರು?' ಎಂದು ಕೇಳಿದೆ. ಇಸ್ಪೀಟಿನ ಪ್ರಸಂಗ ಎಲ್ಲರ ಬಾಯಲ್ಲೂ ಬಂತು. ಮೊಮ್ಮಕ್ಕಳೊಡನೆ ಆಡಲು ಕುಳಿತರೆ ಅಜ್ಜಿ ತಮಗೆ ಬೇಕಾದ ಎಲೆಯನ್ನು ಮೊಣಕಾಲಿನ ಕೆಳಗೆ ಬಚ್ಚಿಡುತ್ತಿದ್ದರು. ಸಿಕ್ಕಿಬಿದ್ದರೆ, 'ನಿಮ್ಮ ಕಣ್ಣು ಚುರುಕಾಗಿದೆಯೋ ಇಲ್ಲವೋ ನೋಡಿದೆ, ಅಷ್ಟೇ' ಎನ್ನುತ್ತಿದ್ದರು. ಆಮೇಲೆ ನಗು. ಮೊದಲು ಸದ್ದೇ ಇರುತ್ತಿರಲಿಲ್ಲ, ಭುಜಗಳಷ್ಟೇ ಕುಲುಕುತ್ತಿದ್ದವು. ಕಣ್ಣಲ್ಲಿ ನೀರು ತುಂಬಿ, ಕನ್ನಡಕ ತೆಗೆದು ಒರೆಸಿಕೊಳ್ಳುವ ಹೊತ್ತಿಗೆ ದನಿ ಹೊರಡುತ್ತಿತ್ತು. ಇಷ್ಟನ್ನು ಓದಿದ ಮೇಲೆ ಅವರು ಹಸನ್ಮುಖಿಯಾಗಿದ್ದರೆಂದು ಬೇರೆ ಹೇಳುವ ಅಗತ್ಯವೇ ಬೀಳಲಿಲ್ಲ.

ನಗೆಯ ಪ್ರಸಂಗ ಸಲ್ಲದೆಂಬ ಅಳುಕು ಬೇಡ. ಮನಶ್ಶಾಸ್ತ್ರಜ್ಞರಾದ ಡಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ ಅವರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಗಲಿದ ಬಾಳಸಂಗಾತಿಯ ಬಗ್ಗೆ ಮಾತನಾಡುತ್ತ ಕಣ್ಣಂಚೂ ಅರಳುವಂತೆ ಮನಸಾರೆ ನಕ್ಕವರಲ್ಲಿ ಸಂಕಟ ಕಡಿಮೆಯಿದ್ದು, ಇತರರೊಡನೆ ಒಡನಾಟ ಚೆನ್ನಾಗಿದ್ದುದು ಕಂಡುಬಂದಿತು. ನಕ್ಕದ್ದರಿಂದಲೇ ಸಂಕಟ ಇಳಿಯಿತೆಂದು ಇದರಿಂದ ಹೇಳಲಾಗದು, ಆದರೆ ನಗುವುದು ಅಗಲಿದವರಿಗೆ ಮಾಡುವ ಅಗೌರವವೆಂಬ ಮಾತಿಗೆ ಇಲ್ಲಿ ಆಧಾರವಿಲ್ಲ. ಐದು ನಿಮಿಷಕ್ಕೆ ಮೀರದಂತೆ ಬರೆದು, ಗಡಿಯಾರ ಮುಂದಿಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ಅಂದು ಗಂಟಲು ಕಟ್ಟಿದರೆ ಮುಂದುವರಿಸಲು ಇನ್ನೊಬ್ಬರ ಕೈಯಲ್ಲಿ ದಪ್ಪ ಅಕ್ಷರದ ಪ್ರತಿಯೊಂದಿರಲಿ.

ಹಿರಿಯ ಮಗನೊಬ್ಬರ ಉತ್ತರ:

ಮೊಮ್ಮಕ್ಕಳು ಕಂಡದ್ದು ಅಜ್ಜಿಯನ್ನು ಮಾತ್ರ. ಅದಕ್ಕೂ ಮೊದಲು ಅವರು ಯಾರದೋ ತಂಗಿ, ಯಾರದೋ ಗೆಳತಿ, ಕೆಲಸ ಕಲಿಯುತ್ತಿದ್ದ ಹುಡುಗಿ. ಅಜ್ಜಿಯ ವಾರಿಗೆಯವರು ಯಾರಾದರೂ ಇದ್ದರೆ ಮೊದಲು ಅವರ ಬಳಿಗೆ ಹೋಗಿ. ಹಿರಿಯ ವಯಸ್ಸಿನವರಿಗೆ ಸುಮಾರು 10ರಿಂದ 30 ವರ್ಷದೊಳಗಿನ ನೆನಪುಗಳು ಉಳಿದ ಕಾಲದವುಗಳಿಗಿಂತ ಹೇರಳವಾಗಿ ಮರಳುತ್ತವೆಂಬುದನ್ನು ಸ್ಮರಣೆಯ ಅಧ್ಯಯನ ಮಾಡುವವರು ಬಹುಕಾಲದಿಂದ ಗುರುತಿಸಿದ್ದಾರೆ. ಬರಿಗೈಯಲ್ಲಿ ಹೋಗದೆ ಒಂದು ಹಳೆಯ ಫೋಟೊ ಒಯ್ಯಿರಿ. 'ಬಾಲ್ಯದ ಬಗ್ಗೆ ಹೇಳಿ' ಎಂದರೆ ಎರಡು ಮಾತಿಗೆ ನಿಲ್ಲುವವರು, 'ಈ ಪಕ್ಕದಲ್ಲಿ ನಿಂತವರು ಯಾರು?' ಎಂದರೆ ಸಂಜೆಯವರೆಗೂ ಮಾತನಾಡುತ್ತಾರೆ.

ಒಂದೇ ಘಟನೆಯನ್ನು ಇಬ್ಬರು ಎರಡು ಬಗೆಯಾಗಿ ಹೇಳಿದರೆ ತೀರ್ಪು ಕೊಡಲು ಹೋಗಬೇಡಿ, ಎರಡನ್ನೂ ಹೆಸರಿನೊಡನೆ ಬರೆದಿಡಿ. ನನ್ನ ತಾಯಿ ಕಷ್ಟದ ದಿನಗಳಲ್ಲಿ ನಕ್ಕೇ ಕಾಲ ಕಳೆದರೆಂದು ನಾನು ನಂಬಿದ್ದೆ; ರಾತ್ರಿ ಒಬ್ಬರೇ ಕುಳಿತು ಲೆಕ್ಕದ ಪುಸ್ತಕ ನೋಡುತ್ತಿದ್ದುದನ್ನು ನನ್ನ ತಂಗಿ ಕಂಡಿದ್ದಳು. ಆ ಲೆಕ್ಕದ ಪುಸ್ತಕವೂ ಬರಹದಲ್ಲಿ ಬಂದ ಮೇಲೆ ಅವರ ನಗುವಿಗೆ ತೂಕ ಬಂತು.

ಫೋಟೊಗಳನ್ನು ಒಪ್ಪ ಮಾಡಿದವರೊಬ್ಬರ ಉತ್ತರ:

ಮೊದಲು ದನಿಯನ್ನು ಉಳಿಸಿಕೊಳ್ಳಿ. ಮೊಬೈಲ್ ಬದಲಾಯಿಸಿದಾಗ ಮೊದಲು ಕಳೆದುಹೋಗುವುದು ಅಜ್ಜಿ ಕಳುಹಿಸಿದ ಧ್ವನಿಸಂದೇಶಗಳೇ. ಅವನ್ನು ಇಂದೇ ಹೊರತೆಗೆದು ಬೇರೆಡೆ ಇಡಿ. ಅಚ್ಚಾದ ಫೋಟೊಗಳನ್ನು ಇಂಚಿಗೆ 600 ಚುಕ್ಕೆಗಳ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಗುಣಮಟ್ಟ ಕುಗ್ಗುವುದರಿಂದ, ಡಾಕ್ಯುಮೆಂಟ್ ಆಗಿ ಕಳುಹಿಸಲು ಬಂಧುಗಳಿಗೆ ಹೇಳಿ. ಫೋಟೊದ ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂಬದಿಯಲ್ಲಿ ಗೀರು ಮೂಡುತ್ತದೆ. ಮೆತ್ತನೆಯ ಪೆನ್ಸಿಲ್‌ನಿಂದ ಹಗುರಾಗಿ ಹೆಸರು, ಅಂದಾಜು ವರ್ಷ ಬರೆಯಿರಿ. ಅಂಟುಹಾಳೆಯ ಆಲ್ಬಮ್ ಬೇಡವೇ ಬೇಡ. ಎಲ್ಲದಕ್ಕೂ ಮೂರು ಪ್ರತಿಗಳಿರಲಿ, ಒಂದು ಬೇರೆ ಮನೆಯಲ್ಲಿರಲಿ.

ಸೊಸೆಯೊಬ್ಬರ ಉತ್ತರ:

ಮೇಲಿನವರ ಮಾತುಗಳೆಲ್ಲ ಸರಿಯೇ. ಆದರೆ ಅತ್ತೆಯವರು ನನ್ನೊಬ್ಬಳ ಬಳಿ ನಂಬಿ ಹೇಳಿಕೊಂಡದ್ದನ್ನು ನಾನು ಪುಸ್ತಕಕ್ಕೆ ಕೊಡಲಿಲ್ಲ, ಎಷ್ಟು ಕೇಳಿದರೂ ಕೊಡಲಿಲ್ಲ. ನಗೆಯ ಪ್ರಸಂಗಗಳಲ್ಲೂ ನೋಡಿಕೊಳ್ಳಬೇಕಾದದ್ದು ಒಂದಿದೆ. ಅತ್ತೆಯವರು ಅಣಕಿಸುತ್ತಿದ್ದವರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅತ್ತೆಯವರ ಬಾಯಲ್ಲಿ ಬಂದಾಗ ಮುದ್ದೆನಿಸಿದ ಅಣಕ, ಅಚ್ಚಿನಲ್ಲಿ ಓದಿದಾಗ ಚುಚ್ಚಬಹುದು. ಅಂಥ ಭಾಗಗಳನ್ನು ಸಂಬಂಧಪಟ್ಟವರಿಗೆ ಮೊದಲೇ ಓದಿ ಹೇಳಿ, ಬೇಡವೆಂದರೆ ಮರುಮಾತಿಲ್ಲದೆ ತೆಗೆದುಬಿಡಿ. ನಾವು ಹೀಗೆ ಕೇಳಲು ಹೋದಾಗ ಒಬ್ಬ ಮೈದುನ ಬೇಡವೆನ್ನುವ ಬದಲು, ತನ್ನನ್ನು ಅದಕ್ಕಿಂತ ಚೆನ್ನಾಗಿ ಅಣಕಿಸಿದ್ದ ಇನ್ನೊಂದು ಸಂದರ್ಭವನ್ನು ತಾನೇ ಬರೆದುಕೊಟ್ಟ.