ಅಮೆರಿಕದ ಏಮ್ಸ್ ಊರಿನಲ್ಲಿ ಬಾಡಿಗೆ ಮನೆ: ಅಪರಿಚಿತರೊಡನೆ ಒಂದೇ ಕರಾರಿಗೆ ಸಹಿ ಹಾಕಬಹುದೇ?

ಪ್ರಶ್ನೆ

ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ನನಗೆ ಪ್ರವೇಶ ದೊರೆತಿದ್ದು, ಆಗಸ್ಟ್ ಮೊದಲ ವಾರ ದಾವಣಗೆರೆಯಿಂದ ಆ ವಿಶ್ವವಿದ್ಯಾಲಯವಿರುವ ಏಮ್ಸ್ ಊರಿಗೆ ಹೊರಡುತ್ತಿದ್ದೇನೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಪರಿಚಯವಾದ ಮೂವರೊಡನೆ ಸೇರಿ ಎರಡು ಕೋಣೆಗಳ ಅಪಾರ್ಟ್‌ಮೆಂಟ್ ಹಿಡಿಯುವ ಮಾತು ನಡೆದಿದೆ. ಕರಾರಿನಲ್ಲಿ ನಾಲ್ವರೂ 'ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು' ಎಂದು ಬರೆದಿದ್ದಾರೆ. ಮನೆಯನ್ನು ಕಣ್ಣಾರೆ ನೋಡದೆ ಸಹಿ ಹಾಕುವುದಕ್ಕೆ ತಂದೆಯವರು ಹಿಂಜರಿಯುತ್ತಿದ್ದಾರೆ. ಅಲ್ಲಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ತಂದೆಯವರ ಹಿಂಜರಿಕೆ ಸರಿಯಾಗಿಯೇ ಇದೆ. ಆ ಒಂದು ಸಾಲಿನ ಅರ್ಥವೇನೆಂದರೆ, ನಾಲ್ವರಲ್ಲಿ ಒಬ್ಬರು ನಡುವೆ ಊರು ಬಿಟ್ಟುಹೋದರೆ ಅವರ ಪಾಲಿನ ಬಾಡಿಗೆಯನ್ನು ಮಾಲೀಕರು ಉಳಿದ ಮೂವರಿಂದ, ಬೇಕಿದ್ದರೆ ನಿಮ್ಮೊಬ್ಬರಿಂದಲೇ ಕೇಳಬಹುದು. ಪ್ರತಿಯೊಬ್ಬರಿಗೂ ಪ್ರತ್ಯೇಕ ಕರಾರು ಮಾಡಿಕೊಡುವ ಅಪಾರ್ಟ್‌ಮೆಂಟ್‌ಗಳೂ ಅಲ್ಲಿವೆ. ಬಾಡಿಗೆ ಸ್ವಲ್ಪ ಹೆಚ್ಚೆನಿಸಿದರೂ ಮೊದಲ ವರ್ಷಕ್ಕೆ ನಾನು ಅದನ್ನೇ ಹೇಳುತ್ತೇನೆ. ವಿಶ್ವವಿದ್ಯಾಲಯದ್ದೇ ಆದ ಫ್ರೆಡೆರಿಕ್ಸನ್ ಕೋರ್ಟ್ ಅಪಾರ್ಟ್‌ಮೆಂಟ್‌ಗಳನ್ನೂ ವಿಚಾರಿಸಿ.

ನಮ್ಮಲ್ಲಿ ಲೀಸ್ ಎಂದರೆ ಭೋಗ್ಯ ಎಂದೇ ತಿಳಿಯುವವರಿದ್ದಾರೆ, ಅಲ್ಲಿ ಲೀಸ್ ಎಂದರೆ ಬರಿಯ ಬಾಡಿಗೆ ಕರಾರು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಬೆಳೆದ ನಮಗೆ ಸಮಾಧಾನ ಕೊಡುವ ಸಂಗತಿಯೊಂದಿದೆ: ಅಯೋವಾ ಕಾನೂನಿನ ಪ್ರಕಾರ ಠೇವಣಿ ಎರಡು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ.

ಉತ್ತರ 2

ಠೇವಣಿಯ ಬಗ್ಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ಮನೆ ಬಿಟ್ಟು, ಹೊಸ ವಿಳಾಸವನ್ನು ಬರಹದಲ್ಲಿ ಕೊಟ್ಟ ಮೇಲೆ 30 ದಿನಗಳೊಳಗೆ ಮಾಲೀಕರು ಹಣ ಹಿಂದಿರುಗಿಸಬೇಕು, ಇಲ್ಲವೇ ಯಾವುದಕ್ಕೆ ಎಷ್ಟು ಹಿಡಿದುಕೊಂಡೆವೆಂದು ಬರೆದು ತಿಳಿಸಬೇಕು. ವಿಳಾಸ ಕೊಡದ ಕಾರಣ ನನ್ನ ಹಣ ತಿಂಗಳುಗಟ್ಟಲೆ ನಿಂತುಹೋಯಿತು. ಕೊನೆಗೆ ಬಂದ ಪಟ್ಟಿಯಲ್ಲಿ ಬಾಗಿಲ ಬಳಿಯ ಕಾರ್ಪೆಟ್‌ನ ಬಿಳಿ ಕಲೆಗೂ, ವಿದ್ಯುತ್ ಒಲೆಯ ಸುರುಳಿಗಳ ಕೆಳಗಿನ ತಟ್ಟೆಗಳಿಗೂ ಹಣ ಕಳೆದಿದ್ದರು. ಕಾರ್ಪೆಟ್‌ನ ಕಲೆ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಬೂಟಿಗಂಟಿ ಬಂದು ಆದದ್ದು, ನಾನು ಹೋಗುವ ಮುಂಚೆಯೇ ಅಲ್ಲಿತ್ತು. ಆದರೆ ನನ್ನ ಬಳಿ ಒಂದು ಚಿತ್ರವೂ ಇರಲಿಲ್ಲ. ತಟ್ಟೆಗಳು ಮಾತ್ರ ವರ್ಷವಿಡೀ ನನ್ನ ಒಗ್ಗರಣೆಯ ಎಣ್ಣೆ ಸಿಡಿದು ಕಪ್ಪಾಗಿದ್ದವು, ಅದನ್ನು ಒಪ್ಪಿಕೊಂಡೆ.

ಕೀಲಿ ಕೈಗೆ ಬಂದ ದಿನವೇ, ಸೂಟ್‌ಕೇಸ್ ತೆರೆಯುವ ಮುನ್ನ, ಪ್ರತಿ ಗೋಡೆ, ಕಿಟಕಿ, ಕಾರ್ಪೆಟ್, ಬಚ್ಚಲಿನ ವಿಡಿಯೊ ಮಾಡಿ ಮಾಲೀಕರ ಕಚೇರಿಗೆ ಇಮೇಲ್ ಕಳಿಸಿಬಿಡಿ. ಸಂದೇಹವಿದ್ದರೆ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆಂದೇ ಇರುವ ಕಾನೂನು ನೆರವು ಕಚೇರಿಯನ್ನು ಕಾಣಿರಿ.

ಉತ್ತರ 3

ಇಬ್ಬರೂ ಹೇಳದ ಒಂದು ವಿಷಯ ಬಾಡಿಗೆಯ ಹೊರಗಿನ ಖರ್ಚು. ಜನವರಿಯಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ದಿನಗಳಿರುತ್ತವೆ. ಮನೆ ಕಾಯಿಸುವ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ, ಕಾಯಿಸುವುದು ವಿದ್ಯುತ್ತಿನಿಂದಲೋ ಗ್ಯಾಸಿನಿಂದಲೋ ಎಂದು ಕೇಳದೆ ಸಹಿ ಹಾಕಿದರೆ, ಅಗ್ಗವೆಂದು ಹಿಡಿದ ಮನೆಯೇ ಚಳಿಗಾಲದಲ್ಲಿ ದುಬಾರಿಯಾಗುತ್ತದೆ.

ಕಾರಿಲ್ಲದಿದ್ದರೂ ಚಿಂತಿಸಬೇಡಿ. ಊರೊಳಗೆ ಓಡುವ ಸೈರೈಡ್ ಬಸ್ಸಿನಲ್ಲಿ ವಿದ್ಯಾರ್ಥಿಗಳು ಗುರುತಿನ ಚೀಟಿ ತೋರಿಸಿ ಓಡಾಡಬಹುದು, ಪ್ರತಿ ಸಲ ದುಡ್ಡು ಕೊಡಬೇಕಿಲ್ಲ. ಆದರೆ ರಜೆಯ ದಿನಗಳಲ್ಲಿ ಬಸ್ಸುಗಳು ವಿರಳ, ಆದ್ದರಿಂದ ನಿಲ್ದಾಣ ಮನೆಗೆ ಎಷ್ಟು ದೂರವೆಂದು ನಕ್ಷೆಯಲ್ಲಿ ನೋಡಿಕೊಳ್ಳಿ.

ಊರಿನ ಬಹುಪಾಲು ಕರಾರುಗಳು ಜುಲೈ 31ಕ್ಕೆ ಮುಗಿಯುವುದರಿಂದ, ಆ ವಾರ ಕಸದ ತೊಟ್ಟಿಗಳ ಪಕ್ಕದಲ್ಲಿ ಮೇಜು, ಕುರ್ಚಿ, ಸೋಫಾಗಳು ಸಾಲಾಗಿ ಬಿದ್ದಿರುತ್ತವೆ. ಮೇಜು ಕುರ್ಚಿ ತಂದುಕೊಳ್ಳಿ. ಹಾಸಿಗೆಯನ್ನು ಮಾತ್ರ ತರಬೇಡಿ, ತಿಗಣೆ ಹೊಕ್ಕರೆ ಇಡೀ ಮನೆ ಖಾಲಿ ಮಾಡಿ ಔಷಧಿ ಹೊಡೆಸಬೇಕಾದೀತು.

ಹಬ್ಬದ ದಿನ ಮನೆಯ ನೆನಪು ಕಾಡಿದರೆ ಅಯೋವಾದ ರಾಜಧಾನಿ ಡೆ ಮೊಯಿನ್ ಕಡೆಯ ಮ್ಯಾಡ್ರಿಡ್ ಎಂಬ ಪುಟ್ಟ ಊರಿನಲ್ಲಿ ಹಿಂದೂ ದೇವಸ್ಥಾನವಿದೆ, ಯಾರದಾದರೂ ಕಾರಿನಲ್ಲಿ ಜಾಗ ಕೇಳಿಕೊಂಡು ಹೋಗಿಬನ್ನಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ತಂದೆಯವರಿಗೆ ಓದಿ ಹೇಳಿದೆ. ಜಂಟಿ ಕರಾರನ್ನು ಸದ್ಯಕ್ಕೆ ಬಿಟ್ಟು, ಪ್ರತ್ಯೇಕ ಕರಾರು ಕೊಡುವ ಎರಡು ಕಡೆ ಈಗಾಗಲೇ ಬರೆದು, ಮನೆ ಕಾಯಿಸುವ ಖರ್ಚು ಯಾರದೆಂದು ಕೇಳಿದ್ದೇನೆ.